ಹೊಸ್ತಿಲು ದಾಟಲಾರದವರಿಗೆ ಹಬ್ಬದ ಬುಟ್ಟಿ

ಪರ್ವದಿನಗಳಲ್ಲಿ ಮನೆಯಲ್ಲಿ ಮಾಡಿದುದನ್ನು ನಾಲ್ಕು ಮನೆಗಳಿಗೆ ಹಂಚಿ ಉಣ್ಣುವುದು ಕನ್ನಡ ನಾಡಿನ ಹಳೆಯ ಶಿಷ್ಟಾಚಾರ. ತುಂಗಭದ್ರೆಯ ಆಸುಪಾಸಿನ ಹೊಸಪೇಟೆ, ಹಂಪಿ, ಕಂಪ್ಲಿ ಮತ್ತು ಗುಡ್ಡಗಳ ನಡುವಣ ಸಂಡೂರು ಸೀಮೆಯಲ್ಲಿ ಈ ಆಚಾರಕ್ಕೆ ಹಲವು ರೂಪಗಳುಂಟು. ಶ್ರಾವಣದ ಪಂಚಮಿಯ ವೇಳೆಗೆ ರೊಟ್ಟಿ, ಪಲ್ಯ, ಉಂಡಿಗಳು ಮನೆಯಿಂದ ಮನೆಗೆ ಸಾಗುತ್ತವೆ. ಸಂಕ್ರಾಂತಿಗೆ ಎಳ್ಳು ಬೀರುತ್ತಾರೆ. ವಿಜಯದಶಮಿಯ ಸಂಜೆ ಕಿರಿಯರು ಬನ್ನಿಯ ಎಲೆಯನ್ನು ಬಂಗಾರವೆಂದು ಕರೆದು ಹಿರಿಯರ ಕೈಯಲ್ಲಿಟ್ಟು ನಮಸ್ಕರಿಸುತ್ತಾರೆ. ನೋಂಪಿಯನ್ನು ಪೂರೈಸಿದ ಶ್ರಾವಿಕೆಯರು ಉದ್ಯಾಪನೆಯಂದು ಬಾಯಿನ ಕೊಡುತ್ತಾರೆ. ಈ ಎಲ್ಲ ರೂಢಿಗಳ ಹಿಂದೆ ಹೇಳದೆ ಒಪ್ಪಿಕೊಂಡ ಒಂದು ಸಂಗತಿಯಿದೆ: ಕೊಡುವವರೂ ಕೊಳ್ಳುವವರೂ ನಡೆದಾಡಬಲ್ಲವರು, ಇಂದು ಈ ಮನೆಯಿಂದ ಹೋದುದು ನಾಳೆ ಆ ಮನೆಯಿಂದ ಬರುತ್ತದೆ. ಹೊಸ್ತಿಲು ದಾಟಲಾರದೆ ಒಳಗೇ ಉಳಿದವರು ಈ ಓಡಾಟದಿಂದ ಸದ್ದಿಲ್ಲದೆ ಹೊರಬೀಳುತ್ತಾರೆ. ಮೊದಲ ವರ್ಷ ನೆರೆಯವರು ನೆನಪಿಟ್ಟು ತಾವೇ ತಂದುಕೊಡುತ್ತಾರೆ. ಮರುವರ್ಷ ಮಕ್ಕಳ ಕೈಯಲ್ಲಿ ಕಳುಹಿಸುತ್ತಾರೆ. ಮೂರನೆಯ ವರ್ಷ, ಅವರು ಏನನ್ನೂ ತಿನ್ನುವುದಿಲ್ಲವಂತೆ ಎಂಬ ಮಾತು ಹುಟ್ಟಿಕೊಳ್ಳುತ್ತದೆ; ಅಲ್ಲಿಗೆ ಮುಗಿಯಿತು.

ಇಂಥವರಿಗೆ ಹಬ್ಬದ ದಿನ ಒಂದು ಬುಟ್ಟಿಯನ್ನು ಸಿದ್ಧಪಡಿಸಿ ಕೊಡುವ ಪದ್ಧತಿ ಇತ್ತೀಚೆಗೆ ಅಲ್ಲಲ್ಲಿ ಕಾಣುತ್ತಿದೆ. ಇದು ಸ್ತುತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಕೊಡುಗೆ ಯಾವ ಜಾತಿಯದು? ದಾನವೇ, ದಯೆಯೇ, ಅಥವಾ ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆಯೇ? ಬುಟ್ಟಿಯಲ್ಲಿ ಏನನ್ನಿಡಬೇಕು, ಯಾವ ದಿನ ಒಯ್ಯಬೇಕು, ಒಯ್ದವರು ಬಾಗಿಲಲ್ಲೇ ನಿಲ್ಲಬೇಕೋ ಒಳಗೆ ಕೂರಬೇಕೋ ಎಂಬುದೆಲ್ಲ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಒಂಟಿತನವು ಇಂದು ಲೋಕವೇ ಗಮನಿಸುತ್ತಿರುವ ವ್ಯಾಧಿ. ಬ್ರಿಟನ್ ದೇಶವು 2018ರಲ್ಲಿ ಈ ವಿಷಯಕ್ಕೆಂದೇ ಒಬ್ಬ ಸಚಿವರಿಗೆ ಹೊಣೆ ವಹಿಸಿತು. ಜಪಾನು 2021ರಲ್ಲಿ ಅದೇ ದಾರಿ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯು, ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರೆಂದೂ, ಅದರೊಡನೆ ಸಂಬಂಧವುಳ್ಳ ಮರಣಗಳು ವರ್ಷಕ್ಕೆ 8,71,000ದಷ್ಟೆಂದೂ ಅಂದಾಜು ಮಾಡಿದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಓದಿದ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ನೆಲೆಸಿ, ತಂದೆತಾಯಿಗಳು ಹಳೆಯ ಮನೆಯನ್ನು ಬಿಡಲೊಲ್ಲದೆ ಉಳಿದಿರುವುದು ಈ ಸೀಮೆಯ ಓಣಿಗಳಲ್ಲಿಯೂ ಅಪರೂಪವಲ್ಲ. ದಿಗಂಬರ ಶ್ರಾವಕರ ಮನೆಗಳು ಒಂದೆಡೆ ಗುಂಪಾಗಿರದೆ ಚದುರಿಹೋದ ಊರಿನಲ್ಲಿ ಇಂಥವರ ಸ್ಥಿತಿ ಇನ್ನೂ ಕಠಿನ. ಬಸದಿ ದೂರ, ಸಾಧರ್ಮಿಗಳು ದೂರ, ಮೊಣಕಾಲಿಗೆ ಬಲವಿಲ್ಲ.

ಕಂಪ್ಲಿಯಂಥ ಊರಿನ ಒಂದು ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಶ್ರಾವಿಕೆ ಇದ್ದಾರೆಂದು ಇಟ್ಟುಕೊಳ್ಳಬಹುದು. ನಲವತ್ತು ವರ್ಷ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತಪ್ಪಿಸಿದವರಲ್ಲ. ಅನಂತನ ನೋಂಪಿಯನ್ನು ಹಿಡಿದು ಉದ್ಯಾಪನೆ ಮಾಡಿದವರು. ಈಗ ವೈದ್ಯರು ಉಪವಾಸ ಕೂಡದೆಂದಿದ್ದಾರೆ. ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗುವಂತಿಲ್ಲ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ ನಡೆಯುವಾಗ ಊರಿನ ಕಿರಿಯ ಸೊಸೆಯಂದಿರು ಉಪವಾಸವಿದ್ದಾರೆಂಬ ಸುದ್ದಿ ಕಿವಿಗೆ ಬೀಳುತ್ತದೆ. ತಾವು ಮಾತ್ರ ಹತ್ತು ಗಂಟೆಗೆ ಗಂಜಿ ಕುಡಿದು ಮಾತ್ರೆ ನುಂಗಬೇಕು. ಇವರ ಬಾಧೆ ಹಸಿವಿನದಲ್ಲ, ಉಣ್ಣಬೇಕಾಗಿ ಬಂದುದರದು. ಇವರ ಮುಂದೆ ಹೊಳೆಯುವ ಕಾಗದ ಸುತ್ತಿದ, ಪೇಟೆಯ ಮಿಠಾಯಿ ತುಂಬಿದ ಬುಟ್ಟಿಯೊಂದನ್ನು ತಂದಿಟ್ಟು, ಪಾಪ ಅಜ್ಜಿ, ತಿನ್ನಲಿ ಎಂದು ಹೇಳಿ ಹೋದರೆ ಯಾವ ಉಪಕಾರವಾಯಿತು?

ತತ್ತ್ವಾರ್ಥಸೂತ್ರಕಾರರು ವ್ರತಿಯಾದವನು ಅಭ್ಯಾಸ ಮಾಡಬೇಕಾದ ನಾಲ್ಕು ಭಾವನೆಗಳನ್ನು ಹೇಳಿರುವುದು ಶಾಸ್ತ್ರವನ್ನು ಕೇಳಿದವರಿಗೆಲ್ಲ ತಿಳಿದದ್ದೇ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಮಿಗಿಲಾದವರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ವೃದ್ಧರನ್ನು ಕಂಡೊಡನೆ ಮನಸ್ಸು ಮೂರನೆಯದನ್ನು ಆರಿಸಿಕೊಳ್ಳುತ್ತದೆ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದು ಬಾಗಿದ ಬೆನ್ನು, ನಡುಗುವ ಕೈ. ನಲವತ್ತು ವರ್ಷದ ವ್ರತ ಕಣ್ಣಿಗೆ ಬೀಳುವ ವಸ್ತುವಲ್ಲ. ಆದರೆ ವಿಚಾರಿಸಿ ನೋಡಿದರೆ ಆ ಶ್ರಾವಿಕೆಯ ವಿಷಯದಲ್ಲಿ ಮೊದಲು ಸಲ್ಲತಕ್ಕದ್ದು ಪ್ರಮೋದ. ಗುಣಾಧಿಕರನ್ನು ಕಂಡಾಗ ಮುಖದಲ್ಲಿ ಹೊಮ್ಮುವ ಹರ್ಷ, ಒಳಗಿನ ಆದರ. ಕಾರುಣ್ಯವು ಅದರ ಹಿಂದೆ ಬರಬಹುದು, ಬರಲೂಬೇಕು, ಮುಂದೆ ನಡೆಯತಕ್ಕದ್ದಲ್ಲ. ಕ್ರಮ ತಪ್ಪಿದರೆ ಅದೇ ಬುಟ್ಟಿ, ಅದೇ ಅವಲಕ್ಕಿ ಬೆಲ್ಲ ಭಿಕ್ಷೆಯಂತೆ ಕಾಣುತ್ತದೆ. ಎಷ್ಟೋ ಸ್ವಾಭಿಮಾನಿ ವೃದ್ಧರು ‘ಇದೆಲ್ಲ ಯಾಕ ತಂದ್ರಿ, ತಮ್ಮಾ, ನಮಗೇನು ಕಡಿಮಿ ಆಗೇದ?’ ಎಂದು ಕೇಳುವುದು ಈ ಕಾರಣದಿಂದಲೇ. ಅದು ಕೃತಘ್ನತೆಯಲ್ಲ.

ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ದೀನ ಪ್ರಾಣಿಗಳಿಗೆ ಅನುಕಂಪದಿಂದ ಅಭಯವೀಯುವುದು ಮೊದಲನೆಯದು. ಮುನಿಗಳಿಗೆ ಭಕ್ತಿಯಿಂದ ಆಹಾರಾದಿಗಳನ್ನು ಸಲ್ಲಿಸುವುದು ಎರಡನೆಯದು. ಕ್ರಿಯೆಯಲ್ಲಿಯೂ ವ್ರತದಲ್ಲಿಯೂ ತನಗೆ ಸಮಾನನಾದ ಗೃಹಸ್ಥನಿಗೆ ಗೌರವದಿಂದ ಕೊಡುವುದು ಸಮದತ್ತಿ. ಹಬ್ಬದ ಬುಟ್ಟಿಯ ಸ್ಥಾನ ಇಲ್ಲಿದೆ. ಸಮಾನನಿಗೆ ಕೊಡುವಾಗ ಕೊಡುವವನ ಕೈ ಮೇಲಾಗುವುದಿಲ್ಲ. ನೆರೆಯ ಲಿಂಗಾಯತ ಅಥವಾ ಮುಸಲ್ಮಾನ ವೃದ್ಧರ ಮನೆಗೆ ಒಯ್ಯುವಾಗ ‘ಸಮದತ್ತಿ’ ಎಂಬ ಪದವು ಅದರ ಕಟ್ಟುನಿಟ್ಟಾದ ಅರ್ಥದಲ್ಲಿ ಹೊಂದಲಾರದೆಂದು ಪಂಡಿತರು ಹೇಳಬಹುದು. ಹೇಳಲಿ. ಆದರದ ರೀತಿ ಅಲ್ಲಿಯೂ ಬೇರೆಯಾಗಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಸಾಮಾನ್ಯವಾದುದಲ್ಲ. ಜೀವನು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಕರ್ಮಫಲವನ್ನು ಉಣ್ಣುತ್ತಾನೆ, ಒಬ್ಬನೇ ಹೋಗುತ್ತಾನೆ ಎಂದು ಚಿಂತಿಸುವ ಏಕತ್ವಾನುಪ್ರೇಕ್ಷೆಯನ್ನು ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಬೋಧಿಸಲಾಗಿದೆ. ಹಾಗಿರುವಾಗ ವೃದ್ಧಾಪ್ಯದ ಒಂಟಿತನವು ಧರ್ಮಕ್ಕೆ ಅನುಕೂಲವಾದ ಸನ್ನಿವೇಶವಲ್ಲವೇ? ಬಂಧುಬಳಗದ ಮೋಹ ಸಡಿಲಬೇಕಾದ ವಯಸ್ಸಿನಲ್ಲಿ ಬುಟ್ಟಿ, ಉಡುಗೊರೆ, ಮಾತುಕತೆಗಳಿಂದ ಆ ಮೋಹವನ್ನು ಮತ್ತೆ ಕಟ್ಟುವುದು ಉಚಿತವೇ?

ಏಕತ್ವವನ್ನು ಚಿಂತಿಸುವವನು ತಾನಾಗಿ ಚಿಂತಿಸುತ್ತಾನೆ. ಬಾಗಿಲು ಹೊರಗಿನಿಂದ ಮುಚ್ಚಿಕೊಂಡಿತೆಂಬ ಕಾರಣದಿಂದ ಒಳಗಿದ್ದವರಿಗೆ ಅನುಪ್ರೇಕ್ಷೆ ಲಭಿಸುವುದಿಲ್ಲ. ಅವರಿಗೆ ಲಭಿಸುವುದು ಬಹುಮಟ್ಟಿಗೆ ಆರ್ತಧ್ಯಾನ. ಇಷ್ಟರ ವಿಯೋಗವನ್ನೂ ರೋಗದ ವೇದನೆಯನ್ನೂ ಮೇಲಿಂದ ಮೇಲೆ ನೆನೆದು ಕೊರಗುವುದನ್ನು ಆಗಮವು ಆರ್ತಧ್ಯಾನದ ಭೇದಗಳಲ್ಲಿಯೇ ಎಣಿಸಿದೆ. ಇನ್ನೊಂದು ಮಾತು. ಮನೆಮಠಗಳನ್ನು ತೊರೆದ ಮುನಿಗಳಿಗೂ ವೈಯಾವೃತ್ಯವೆಂಬ ಸೇವೆಯನ್ನು ವಿಧಿಸಲಾಗಿದೆ. ಅದನ್ನು ಅಂತರಂಗ ತಪಸ್ಸಿನಲ್ಲಿ ಸೇರಿಸಲಾಗಿದೆ. ಆ ಸೇವೆಗೆ ಅರ್ಹರಾದ ಹತ್ತು ಬಗೆಯ ಸಾಧುಗಳಲ್ಲಿ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಸಾಲಿನಲ್ಲಿಯೇ ‘ಗ್ಲಾನ’ನೂ, ಎಂದರೆ ವ್ಯಾಧಿಯಿಂದ ಬಳಲಿದವನೂ ಇದ್ದಾನೆ. ಏಕತ್ವವನ್ನು ಅಷ್ಟು ಕಟ್ಟುನಿಟ್ಟಾಗಿ ಅಭ್ಯಾಸ ಮಾಡುವವರನ್ನೂ ರೋಗದಲ್ಲಿ ಒಬ್ಬರೇ ಬಿಡಬಾರದೆಂದು ವಿಧಿಸಿದವರು, ಗೃಹಸ್ಥರನ್ನು ಬಿಡಲು ಹೇಳಿಯಾರೇ? ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದಾದ ಸ್ಥಿತಿಕರಣವು, ಧರ್ಮದಲ್ಲಿ ಕಾಲು ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಉಪವಾಸ ಬಿಟ್ಟುಹೋಯಿತು, ಇನ್ನು ತನ್ನದೇನು ಉಳಿಯಿತು ಎಂದು ಕುಗ್ಗಿದ ವೃದ್ಧೆಗೆ ಅಂಥ ಕೈಯ ಅವಶ್ಯಕತೆಯಿದೆ.

ಈ ಸೇವೆ ಹೇಗೆ ಕೆಡುತ್ತದೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅತಿಚಾರಗಳಾಗಿ ತಿಳಿಸಿದ್ದಾರೆ. ಅವು ಸಂಯಮಿಗಳಿಗೆ ಸಲ್ಲಿಸುವ ವೈಯಾವೃತ್ಯವನ್ನು ಕುರಿತವು. ಹೊಸ್ತಿಲೊಳಗಿನ ಹಿರಿಯರಿಗೆ ಅವನ್ನು ಅನ್ವಯಿಸುವುದು ಅರ್ಥವಿಸ್ತಾರವೆಂದು ಒಪ್ಪಬೇಕು. ಆಹಾರವನ್ನು ಹಸಿರೆಲೆಯ ಮೇಲಿಡುವುದು, ಹಸಿರೆಲೆಯಿಂದ ಮುಚ್ಚುವುದು ಮೊದಲಿನ ಎರಡು. (ಸಚಿತ್ತತ್ಯಾಗ ಮಾಡಿದವರ ಮನೆಗೆ ಬುಟ್ಟಿಯ ತಳದಲ್ಲಿ ಬಾಳೆಲೆ ಹಾಸಿ ಕಳುಹಿಸುವವರು ಇದನ್ನು ಗಮನಿಸುವುದು ಒಳ್ಳೆಯದು. ಚೆಂದ ಕಂಡರೂ ಅದು ಅವರ ವ್ರತಕ್ಕೆ ಸಲ್ಲದು. ಮೇದಾರರು ಹೆಣೆದ ಒಣ ಬಿದಿರಿನ ಬುಟ್ಟಿಗೆ ಒಗೆದ ಬಟ್ಟೆಯ ಹಾಸು ಸಾಕು.) ಉಳಿದ ಮೂರು ಅನಾದರ, ಅಸ್ಮರಣ, ಮತ್ಸರ.

ಅಸ್ಮರಣವೆಂದರೆ ಮರೆವು. ಮರೆವನ್ನು ಲೋಕವು ದೋಷವೆಂದು ಎಣಿಸುವುದಿಲ್ಲ. ಕೆಲಸದ ಗಡಿಬಿಡಿ ಎನ್ನುತ್ತದೆ, ಕ್ಷಮಿಸುತ್ತದೆ. ಆಚಾರ್ಯರು ಅದನ್ನು ಅತಿಚಾರವೆಂದೇ ಕರೆದರು. ವರ್ಷಕ್ಕೊಮ್ಮೆ ದೀಪಾವಳಿಗೆ ಬುಟ್ಟಿ ಹೊತ್ತು ಬಂದು ಉಳಿದ ಮುನ್ನೂರ ಅರವತ್ತು ದಿನ ಆ ಬಾಗಿಲನ್ನು ಮರೆತವನು, ಬುಟ್ಟಿಯನ್ನು ಕೊಡದವನಿಗಿಂತ ಎಷ್ಟು ಮುಂದೆ ಹೋದಂತಾಯಿತು ಎಂಬುದು ವಿಚಾರಾರ್ಹ. ಕೊಡುಗೆಯು ಸ್ಮರಣೆಯ ಗುರುತಾಗಬೇಕು. ಅನೇಕ ಸಲ ಅದು ಸ್ಮರಣೆಯ ಹೊರೆಯನ್ನು ಇಳಿಸಿಕೊಳ್ಳುವ ಉಪಾಯವಾಗುತ್ತದೆ.

ಮತ್ಸರಕ್ಕೆ ವ್ಯಾಖ್ಯಾನಕಾರರು ಕೊಡುವ ಅರ್ಥವೂ ಮನನೀಯ: ಇತರ ದಾತೃಗಳ ಗುಣವನ್ನು ಸಹಿಸದಿರುವುದು. ಯಾರ ಬುಟ್ಟಿ ದೊಡ್ಡದು, ಯಾರ ಹೆಸರು ಫಲಕದ ಮೇಲೆ ಮೊದಲು ಬಂತು ಎಂಬ ಸ್ಪರ್ಧೆ ಎಲ್ಲಿ ಹೊಕ್ಕರೂ ಇದೇ. ಕೊಡುವಾಗ ವೃದ್ಧರನ್ನು ನಡುವೆ ಕೂರಿಸಿ ಚಿತ್ರ ತೆಗೆಸಿ ಊರಿಗೆಲ್ಲ ಕಳುಹಿಸುವ ಹೊಸ ಚಾಳಿ ಬೇರೆ ಸೇರಿಕೊಂಡಿದೆ. ಹಂಪಿಯ ಕಮಲಾಪುರದ ಬಳಿ ಇರುವ ಕುಂಥುಜಿನಾಲಯವನ್ನು ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಸ್ತಂಭದ ಶಾಸನವು ಸಾರುತ್ತದೆ. ಆದರೆ ಊರವರ ಬಾಯಲ್ಲಿ ಅದು ಗಾಣಗಿತ್ತಿ ಬಸದಿ. ಕಲ್ಲಿನಲ್ಲಿ ಹೆಸರು ಕೆತ್ತಿಸಿದವನು ದಂಡನಾಯಕ, ನಾಲಗೆಯ ಮೇಲೆ ಉಳಿದವಳು ಎಣ್ಣೆಯ ಗಾಣದ ಹೆಂಗಸು. ಹೆಸರಿಗಾಗಿ ಕೊಡುವವರು ಒಮ್ಮೆ ಹೋಗಿ ಆ ಸ್ತಂಭದ ಮುಂದೆ ನಿಂತು ಬರಬಹುದು.

ಇನ್ನು ಬುಟ್ಟಿಯ ಒಳಗಿನ ಮಾತು. ದಿಗಂಬರ ಗೃಹಸ್ಥರ ಆಹಾರಶುದ್ಧಿಯ ನಿಯಮವನ್ನು ಬಲ್ಲವರಿಗೆ ಇಲ್ಲಿಯ ಕಷ್ಟ ತಿಳಿಯುತ್ತದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ವ್ರತಿಗಳು ಪಾಲಿಸುತ್ತಾರೆ. ಭಾದ್ರಪದದಲ್ಲಿ ಕೊಡಬೇಕಾದ ಐವತ್ತು ಬುಟ್ಟಿಗಳನ್ನು ಒಂದು ವಾರ ಮೊದಲೇ ತುಂಬಿಸಿಟ್ಟರೆ, ಅದರೊಳಗಿನ ಹಿಟ್ಟಿನ ಪದಾರ್ಥವೆಲ್ಲ ಯಾವ ಹಿರಿಯರಿಗಾಗಿ ಮೀಸಲೋ ಅವರಿಗೇ ಅಭಕ್ಷ್ಯವಾಗುತ್ತದೆ. ತಿನ್ನಲಾರದ ವಸ್ತುವನ್ನು ಮುಂದಿಟ್ಟುಕೊಂಡು, ತಂದವರ ಮನಸ್ಸು ನೋಯಬಾರದೆಂದು ನಗುತ್ತಾ ಕೂರಬೇಕಾದವರು ಅವರು. ಇದೇ ಅನಾದರ, ಕೈ ತುಂಬಿದೆ, ಗಮನವಿಲ್ಲ. ಚತುರ್ದಶಿಯಂದು ಉಪವಾಸವಿರುವವರ ಮನೆಗೆ ತಿಂಡಿಯ ಬುಟ್ಟಿ ಒಯ್ಯುವುದೂ ಅಂಥದೇ. ಪಾರಣೆಯ ಬೆಳಗ್ಗೆ ಬಿಸಿಯಾದ ಹೆಸರುಬೇಳೆಯ ಗಂಜಿ ಒಯ್ದರೆ ಅದಕ್ಕೆ ಬೆಲೆಯುಂಟು. ರಾತ್ರಿಭೋಜನ ತ್ಯಾಗಿಗಳ ಬಾಗಿಲಿಗೆ ಸೂರ್ಯಾಸ್ತದ ನಂತರ ತಿನಿಸು ತರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಹಲ್ಲಿಲ್ಲದವರಿಗೆ ಚಕ್ಕುಲಿ, ಸಕ್ಕರೆ ಕಾಯಿಲೆಯವರಿಗೆ ಲಾಡು ಕೊಡುವ ಅವಿಚಾರ ಎಲ್ಲ ಸಮಾಜಗಳಲ್ಲಿಯೂ ಉಂಟು. ಕೇಳಿ ಕೊಡಬೇಕು. ಕೇಳಿದರೆ ಬೇಡವೆನ್ನುತ್ತಾರೆಂಬುದು ನಿಜ. ಆಗ ಕಣ್ಣಿಟ್ಟು ನೋಡಬೇಕು. ವೈಯಾವೃತ್ಯದ ಅಂಗವಾಗಿ ಸಮಂತಭದ್ರರು ಹೇಳುವ ದಾನಗಳು ಆಹಾರ, ಔಷಧ, ಉಪಕರಣ, ಆವಾಸ. ಬುಟ್ಟಿ ಎಂದೊಡನೆ ಎಲ್ಲರ ಮನಸ್ಸು ಮೊದಲನೆಯದಕ್ಕೆ ಹೋಗುತ್ತದೆ. ಹೊಸ್ತಿಲು ದಾಟಲಾರದವರಿಗೆ ಹೆಚ್ಚಾಗಿ ಬೇಕಾದವು ಉಳಿದ ಮೂರು. ಮುಗಿಯುತ್ತ ಬಂದ ಮಾತ್ರೆಯ ಪಟ್ಟಿ. ದಪ್ಪ ಅಕ್ಷರದ ಸ್ವಾಧ್ಯಾಯ ಗ್ರಂಥ, ಕಳಚಿದ ಜಪಮಾಲೆಗೆ ಹೊಸ ದಾರ, ಕೈಗೆ ಹೊಂದುವ ಊರುಗೋಲು. ಆವಾಸದಾನವನ್ನು ಮುನಿಗಳಿಗೆ ವಸತಿ ಕಟ್ಟಿಸಿಕೊಡುವುದೆಂದೇ ತಿಳಿಯುವುದು ವಾಡಿಕೆ. ಮನೆಯೇ ಇಡೀ ಪ್ರಪಂಚವಾದವರಿಗೆ ಬಚ್ಚಲಮನೆಯ ಗೋಡೆಗೆ ಹಿಡಿದುಕೊಳ್ಳಲು ಒಂದು ಹಿಡಿಕೆ ಹಾಕಿಸಿಕೊಟ್ಟರೆ, ಅಲುಗಾಡುವ ಮೆಟ್ಟಿಲನ್ನು ಭದ್ರಪಡಿಸಿದರೆ, ಕತ್ತಲೆಯ ನಡುಮನೆಗೆ ಒಂದು ದೀಪ ಕೂಡಿಸಿದರೆ ಅದೂ ಆವಾಸದಾನವೇ. ಬುಟ್ಟಿಯಲ್ಲಿ ಅದನ್ನು ಇಡಲಾಗದು. ಬುಟ್ಟಿಯನ್ನು ಒಯ್ದವರ ಕಣ್ಣಿಗೆ ಅದು ಬೀಳಬಹುದು, ಒಳಗೆ ಹೋಗಿ ಕೂತರೆ.

ಹೊಸಪೇಟೆಯಿಂದ ಪಶ್ಚಿಮಕ್ಕೆ ಕೊಪ್ಪಳದ ಮೇಲೆ ಗದುಗಿಗೆ ಹೋಗುವ ದಾರಿಯಲ್ಲಿ ಲಕ್ಕುಂಡಿಯಿದೆ. ಅಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಾಡಿಗೆ ತಿಳಿದ ಕಥೆ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆ! ಆಕೆಯ ದಾನದ ವಿಶೇಷ ಸಂಖ್ಯೆಯಲ್ಲಿ ಮಾತ್ರವಲ್ಲ. ಯಾವುದು ಇಲ್ಲವಾಗುತ್ತಿದೆಯೆಂದು ಕಂಡು ಅದನ್ನೇ ಕೊಟ್ಟಳು. ಕಣ್ಣು ಮಂಜಾದ ವೃದ್ಧರ ಪಕ್ಕದಲ್ಲಿ ಕೂತು ಪರ್ವದ ಹತ್ತು ದಿನವೂ ಆಯಾ ದಿನದ ಧರ್ಮದ ವಿವರಣೆಯನ್ನು ಅರ್ಧ ಗಂಟೆ ಓದಿ ಹೇಳುವ ಹುಡುಗನೊಬ್ಬ ಸಿಕ್ಕರೆ ಶಾಸ್ತ್ರದಾನವು ಇಂದಿಗೂ ನಡೆದಂತೆಯೇ. ಅಭಿಷೇಕವಾದ ಮೇಲೆ ಗಂಧೋದಕವನ್ನು ಚಿಕ್ಕ ಗಿಂಡಿಯಲ್ಲಿ ತಂದುಕೊಡುವುದಕ್ಕೆ ಕಾಸೂ ಬೇಡ. ಬಸದಿಗೆ ಹೋಗಲಾರದವರಿಗೆ ಬಸದಿಯಿಂದ ಬರುವ ಆ ಹನಿಗಳ ಮುಂದೆ ಉಳಿದ ಪದಾರ್ಥಗಳೆಲ್ಲ ಸಪ್ಪೆ.

ಆದರೂ ಒಂದು ತೊಡಕು ಉಳಿಯುತ್ತದೆ. ಎಷ್ಟೇ ಆದರದಿಂದ ಕೊಟ್ಟರೂ ಕೊಡುವವನು ಕೊಡುವವನೇ, ಕೊಳ್ಳುವವನು ಕೊಳ್ಳುವವನೇ. ಜೀವಮಾನವೆಲ್ಲ ಅತಿಥಿಸಂವಿಭಾಗವನ್ನು ಪಾಲಿಸಿದವರು, ಉಣ್ಣುವ ಮೊದಲು ಬಾಗಿಲಿಗೆ ಬಂದು ಪಾತ್ರರನ್ನು ನಿರೀಕ್ಷಿಸಿದವರು, ಈಗ ಬರಿ ಕೊಳ್ಳುವವರಾಗಿ ಉಳಿದಿದ್ದಾರೆ. ಮನೆಯೊಳಗೆ ಸಿಕ್ಕಿಬಿದ್ದವರ ನಷ್ಟಗಳಲ್ಲಿ ಇದು ಬಹು ದೊಡ್ಡದು. ಇದನ್ನು ತುಂಬುವ ಪದಾರ್ಥ ಯಾವ ಅಂಗಡಿಯಲ್ಲಿಯೂ ಇಲ್ಲ.

ಇದಕ್ಕೆ ಪರಿಹಾರ ಪರ್ವದ ಕ್ರಮದಲ್ಲಿಯೇ ಇದೆ. ದಶಲಕ್ಷಣ ಮುಗಿದು ಬಹುಳ ಪಾಡ್ಯದಂದು ಬರುವ ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕಂಡು ಕ್ಷಮೆ ಬೇಡುವ ಆಚಾರವಿದೆ. ನಡೆಯಲಾರದವರು ಯಾರ ಬಳಿಗೂ ಹೋಗಲಾರರು, ಆದುದರಿಂದ ಅವರ ಬಳಿಗೆ ಹೋಗತಕ್ಕದ್ದು. ಬುಟ್ಟಿಯನ್ನು ಒಯ್ಯುವುದಿದ್ದರೆ ಅಂದು ಒಯ್ಯುವುದು ಉತ್ತಮ. ಅಂದು ಬಾಗಿಲಿಗೆ ಬಂದವನು ದಾತೃವಲ್ಲ, ಯಾಚಕ. ವರ್ಷವೆಲ್ಲ ಈ ಕಡೆ ಬರಲಿಲ್ಲ, ಮರೆತೆವು, ಮನವಚನಕಾಯಗಳಿಂದ ಆದ ಅಪರಾಧವನ್ನು ಮನ್ನಿಸಬೇಕು ಎಂದು ಕೈಮುಗಿಯುವವನು. ಕೊಡುವವರು ಒಳಗೆ ಕೂತ ವೃದ್ಧೆ. ಕೊಡುವ ವಸ್ತು ಕ್ಷಮೆ. ಬುಟ್ಟಿ ಆಗ ಕೈಯಲ್ಲಿ ಬರಿದೇ ಹೋಗಬಾರದೆಂದು ಹಿಡಿದ ಫಲದ ಮಟ್ಟಕ್ಕೆ ಇಳಿಯುತ್ತದೆ. ಅದರ ಸರಿಯಾದ ಮಟ್ಟವೂ ಅದೇ. ಈ ಬೇಡಿಕೆ ಬಾಯಿಪಾಠದ ಮಾತಾಗದಿರಬೇಕು. ಅಸ್ಮರಣವು ಅತಿಚಾರವೆಂದು ತಿಳಿದವನಿಗೆ ಕೇಳಲು ಕಾರಣವಂತೂ ಇದ್ದೇ ಇದೆ.

ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಕನ್ನಡದ ಮನೆಗಳ ಇನ್ನೊಂದು ನಡವಳಿಕೆ. ಒಂದು ಚೂರು ಬೆಲ್ಲ, ನಾಲ್ಕು ಏಲಕ್ಕಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ ಹಾಕಿ ಮರಳಿಸುತ್ತಾರೆ. ವೃದ್ಧರ ಮನೆಗೆ ಹೋದ ಯುವಕರು ದಾಕ್ಷಿಣ್ಯದಿಂದ ‘ಬ್ಯಾಡ್ರಿ ಅಜ್ಜಿ, ನಿಮಗ ಇರಲಿ’ ಎಂದು ಬುಟ್ಟಿಯನ್ನು ಸೆಳೆದುಕೊಂಡು ಹೊರಡುವುದುಂಟು. ಹಾಗೆ ಮಾಡಬಾರದು. ಆಕೆ ಎದ್ದು, ಗೋಡೆ ಹಿಡಿದು, ಅಡುಗೆಮನೆಯ ಡಬ್ಬಿ ತೆರೆದು ತರುವವರೆಗೆ ಕಾಯಬೇಕು. ಹತ್ತು ನಿಮಿಷ ಹಿಡಿದರೂ ಕಾಯಬೇಕು. ಇನ್ನೂ ಉಚಿತವಾದುದು, ಬುಟ್ಟಿಯನ್ನು ಅಂದು ಅಲ್ಲಿಯೇ ಬಿಟ್ಟುಬರುವುದು. ಬಹುಳ ಅಷ್ಟಮಿ ಕಳೆದ ಮೇಲೆ ಅದನ್ನು ತರುವ ನೆಪದಿಂದ ಮತ್ತೊಮ್ಮೆ ಹೋಗಬಹುದು. ಅಷ್ಟರಲ್ಲಿ ಅದರೊಳಗೆ ಏನನ್ನಿಡಬೇಕೆಂದು ಆಕೆಗೆ ಯೋಚಿಸಲು ಒಂದು ವಾರ ಸಿಕ್ಕಿರುತ್ತದೆ.